ದ್ವೀಪ ಯಾರದು? ಸಾರ್ವಭೌಮತ್ವದ ತಗಾದೆಗೆ ಕಡತ ಕಟ್ಟುವ ಬಗೆ

ಬೆಂಗಳೂರಿನಲ್ಲಿ ಒಂದು ಸೈಟು ಕೊಳ್ಳಲು ಓಡಾಡಿದವರಿಗೆ ದ್ವೀಪದ ಜಗಳ ಬೇಗ ಅರ್ಥವಾಗುತ್ತದೆ. ಮಾರಿದವನಿಗೆ ಮಾರುವ ಹಕ್ಕಿತ್ತೇ? ಮೂಲಪತ್ರ ಎಲ್ಲಿ? ಕಂದಾಯ ಯಾರ ಹೆಸರಲ್ಲಿ ಕಟ್ಟಿದ್ದು? ಕಾಂಪೌಂಡು ಏಳುವಾಗ ಪಕ್ಕದವನು ಸುಮ್ಮನಿದ್ದನೇ? ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲೂ ಬಹುಪಾಲು ಇವೇ ಪ್ರಶ್ನೆಗಳು. ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯ ಸ್ಪರ್ಧೆಗೆ) ತಯಾರಾಗುವ ಕಾನೂನು ವಿದ್ಯಾರ್ಥಿ, ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ ಅಂತಾರಾಷ್ಟ್ರೀಯ ಸಂಬಂಧದ ಪತ್ರಿಕೆ ಓದುತ್ತಿರುವವರು, ಭಾರತ-ಶ್ರೀಲಂಕಾ ನಡುವಣ ಕಚ್ಚತೀವು ದ್ವೀಪದ ಸುದ್ದಿ ಬಂದ ದಿನ ರಾತ್ರಿಪಾಳಿಯಲ್ಲಿರುವ ಉಪಸಂಪಾದಕ, ಮೂವರಿಗೂ ಬೇಕಾದ ಕಡತ ಒಂದೇ. ಅದನ್ನು ಕಟ್ಟುವ ಕ್ರಮ ಇಲ್ಲಿದೆ. ಸಂಜೆ ಎರಡು ಗಂಟೆ ಮೀಸಲಿಟ್ಟರೆ ಹತ್ತು ಹನ್ನೆರಡು ದಿನದ ಕೆಲಸ.

ಎಲ್ಲರೂ ಮಾಡುವ ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಡತವನ್ನು ಇತಿಹಾಸದಿಂದ ಶುರು ಮಾಡಬೇಡಿ. 'ಸಾವಿರ ವರ್ಷದಿಂದ ನಮ್ಮದು' ಎಂಬುದನ್ನು ಎರಡೂ ಕಡೆಯವರು ಹೇಳುತ್ತಾರೆ, ಎರಡೂ ಕಡೆಯವರ ಬಳಿ ಹಳೆಯ ದಾಖಲೆ ಇರುತ್ತದೆ. ಇಂಗ್ಲಿಷ್ ಕಾಲುವೆಯ ಮಿಂಕಿಯೇ ಮತ್ತು ಎಕ್ರೆಹೋ ಎಂಬ ಬಂಡೆಗುಂಪುಗಳಿಗಾಗಿ ಬ್ರಿಟನ್ನೂ ಫ್ರಾನ್ಸೂ ನಾರ್ಮಂಡಿಯ ಡ್ಯೂಕರ ಕಾಲದವರೆಗೆ ಹೋಗಿ ವಾದಿಸಿದವು. 1953ರ ನವೆಂಬರ್ 17ರ ತೀರ್ಪಿನಲ್ಲಿ ನ್ಯಾಯಾಲಯ ಆ ಊಹಾಪೋಹವನ್ನೆಲ್ಲ ಬದಿಗಿಟ್ಟು, ಸ್ವಾಧೀನಕ್ಕೆ ನೇರವಾಗಿ ಸಂಬಂಧಿಸಿದ ಪುರಾವೆಯೇ ಮುಖ್ಯ ಎಂದಿತು. ಹಾಗಾಗಿ ಇತಿಹಾಸಕ್ಕೆ ಅರ್ಧ ಪುಟ ಸಾಕು. ಅದನ್ನೂ ಕೊನೆಗೆ ಬರೆಯಿರಿ.

ಕಡತದ ಹೊಟ್ಟೆ ಎಂದರೆ ಒಂದು ಪಟ್ಟಿ. ಐದು ಕಾಲಂ ಹಾಕಿಕೊಳ್ಳಿ: ದಿನಾಂಕ, ಯಾರು ಏನು ಮಾಡಿದರು, ಯಾವ ಅಧಿಕಾರದಲ್ಲಿ ಮಾಡಿದರು, ಕಾಗದದಲ್ಲಿ ದ್ವೀಪದ ಹೆಸರು ಸ್ಪಷ್ಟವಾಗಿ ಇದೆಯೇ, ಎದುರು ಪಕ್ಷ ಏನು ಮಾಡಿತು. ಐದನೆಯ ಕಾಲಂ ಖಾಲಿ ಬಿಟ್ಟು ತರುವವರೇ ಹೆಚ್ಚು. ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಬಹುತೇಕ ಅಲ್ಲೇ.

ಮೊದಲು ಅಳತೆ, ಆಮೇಲೆ ವಾದ

ತಗಾದೆಯಲ್ಲಿರುವುದು ದ್ವೀಪವೋ, ಬಂಡೆಯೋ, ಇಳಿತದಲ್ಲಿ ಮಾತ್ರ ತಲೆ ಎತ್ತುವ ದಿಬ್ಬವೋ ಎಂದು ಮೊದಲ ದಿನವೇ ತೀರ್ಮಾನಿಸಿ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಡಂಬಡಿಕೆಯ 121ನೆಯ ವಿಧಿ ಇದಕ್ಕೆ ಆಧಾರ. ಸಹಜವಾಗಿ ಉಂಟಾಗಿರಬೇಕು, ಸುತ್ತ ನೀರಿರಬೇಕು, ಉಬ್ಬರದ ವೇಳೆಯಲ್ಲೂ ನೀರಿನ ಮೇಲಿರಬೇಕು. ಹಾಗಿದ್ದರೆ ಅದು ದ್ವೀಪ. ಆದರೆ ಜನವಸತಿಯನ್ನಾಗಲಿ ತನ್ನದೇ ಆದ ಆರ್ಥಿಕ ಬದುಕನ್ನಾಗಲಿ ತಾಳಲಾರದ ಬಂಡೆಗೆ ಅದೇ ವಿಧಿಯ 3ನೆಯ ಉಪವಿಧಿ ಕೇವಲ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರ (ಜೊತೆಗೆ ಅದಕ್ಕಂಟಿದ ವಲಯ) ಬಿಟ್ಟುಕೊಡುತ್ತದೆ. 200 ಮೈಲಿಯ ಆರ್ಥಿಕ ವಲಯ ಇಲ್ಲ. ಇಳಿತದ ದಿಬ್ಬಕ್ಕೆ 13ನೆಯ ವಿಧಿ. ಅದು ದಡದಿಂದ 12 ಮೈಲಿಯೊಳಗಿದ್ದರೆ ಅಳತೆಗೆ ಬಿಂದುವಾಗಬಹುದು, ಇಲ್ಲವಾದರೆ ತನಗೇ ಒಂದು ಅಂಗುಲ ಸಮುದ್ರವೂ ಸಿಗದು.

ಇದರ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡಿ, ದೇಶಗಳು ಕಲ್ಲುಬಂಡೆಗೆ ಯಾಕೆ ಕಾದಾಡುತ್ತವೆಂದು ತಿಳಿಯುತ್ತದೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಅಕ್ಕಪಕ್ಕ ಬೇರೆ ನೆಲವಿಲ್ಲದ ಬಂಡೆಯ ಸುತ್ತ 12 ಮೈಲಿಯ ವೃತ್ತ ಎಳೆದರೆ ಸುಮಾರು 1,550 ಚದರ ಕಿ.ಮೀ. ನೀರು, ಬೆಂಗಳೂರು ನಗರ ಜಿಲ್ಲೆಯ ಮುಕ್ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ. ಅದೇ ಚುಕ್ಕೆ ಪೂರ್ಣ ದ್ವೀಪವೆಂದಾದರೆ 200 ಮೈಲಿಯ ವೃತ್ತ ಸುಮಾರು 4,31,000 ಚದರ ಕಿ.ಮೀ. ಎಂದರೆ ಎರಡೂಕಾಲು ಕರ್ನಾಟಕ.

ಅಳತೆಗೆ ಉಪಗ್ರಹ ಚಿತ್ರ ನೋಡಿ ಮೋಸಹೋಗುವವರು ಬಹಳ. ಚಿತ್ರ ತೆಗೆದ ಕ್ಷಣದಲ್ಲಿ ಉಬ್ಬರವಿತ್ತೋ ಇಳಿತವಿತ್ತೋ ಅದರಲ್ಲಿ ಬರೆದಿರುವುದಿಲ್ಲ. ನೌಕಾಯಾನದ ಚಾರ್ಟನ್ನೇ ನೋಡಬೇಕು. ಅದರಲ್ಲಿ ಇಳಿತದಲ್ಲಿ ಮಾತ್ರ ಬಯಲಾಗುವ ಜಾಗದ ಅಂಕಿಯ ಕೆಳಗೆ ಗೆರೆ ಎಳೆದಿರುತ್ತಾರೆ. ಚಾರ್ಟಿನ ಇಸವಿಯನ್ನೂ ಬರೆದುಕೊಳ್ಳಿ. ಸುಂದರಬನದ ಅಂಚಿನ ನ್ಯೂ ಮೂರ್ ಅಥವಾ ದಕ್ಷಿಣ ತಾಲಪಟ್ಟಿ 1970ರ ಚಂಡಮಾರುತದ ನಂತರ ಕಣ್ಣಿಗೆ ಬಿತ್ತು, 1981ರಲ್ಲಿ ಭಾರತ ಅಲ್ಲಿ ಬಾವುಟ ನೆಟ್ಟಿತು, 2010ರ ಹೊತ್ತಿಗೆ ಮುಳುಗಿಹೋಗಿತ್ತು. ಮೇಲೆ ಕಾಂಕ್ರೀಟು ಸುರಿದು ಎತ್ತರಿಸಿದರೂ ದಿಬ್ಬ ದ್ವೀಪವಾಗದು. ಸಹಜ ಸ್ಥಿತಿಯಲ್ಲಿ ಏನಿತ್ತು ಎಂಬುದೇ ಲೆಕ್ಕ. ದಕ್ಷಿಣ ಚೀನಾ ಸಮುದ್ರದ ಪಂಚಾಯ್ತಿ ಮಂಡಳಿ 2016ರ ಜುಲೈ 12ರಂದು ಹೇಳಿದ್ದು ಇದನ್ನೇ. ಅಂದಹಾಗೆ, ಆ ಮಂಡಳಿ ಯಾವ ದ್ವೀಪ ಯಾರದು ಎಂದು ಹೇಳಲೇ ಇಲ್ಲ, ಹೇಳುವ ಅಧಿಕಾರವೂ ಅದಕ್ಕಿರಲಿಲ್ಲ. 'ಚೀನಾ ದ್ವೀಪಗಳನ್ನು ಸೋತಿತು' ಎಂದು ಬರೆದ ಉತ್ತರಪತ್ರಿಕೆಗೆ ಅಂಕ ಹೋಗುವುದು ಅಲ್ಲೇ. ನೆಲದ ಒಡೆತನ ಬೇರೆ, ನೆಲದಿಂದ ಹುಟ್ಟುವ ನೀರಿನ ಹಕ್ಕು ಬೇರೆ. ಕಡತದ ಮೇಲ್ಹೊದಿಕೆಯಲ್ಲೇ ನಿಮ್ಮ ತಗಾದೆ ಯಾವುದೆಂದು ಬರೆದುಕೊಳ್ಳಿ.

ಹೆಸರಿನ ವಿಷಯ ಚಿಕ್ಕದು, ಆದರೆ ಕಾಲಿಗೆ ತೊಡರುತ್ತದೆ. ಫಾಕ್‌ಲ್ಯಾಂಡ್ ಎಂದರೆ ಬ್ರಿಟನ್ ಪಕ್ಷ, ಮಾಲ್ವಿನಾಸ್ ಎಂದರೆ ಅರ್ಜೆಂಟೀನಾ ಪಕ್ಷ. ದೊಕ್ದೊ ಎಂದರೆ ಕೊರಿಯಾ, ತಕೆಶಿಮಾ ಎಂದರೆ ಜಪಾನ್. ಮೊದಲ ಸಾಲಿನಲ್ಲಿ ಎರಡೂ ಹೆಸರು ಬರೆದು, ಮುಂದೆ ಯಾವುದನ್ನು ಬಳಸುತ್ತೀರೆಂದು ಹೇಳಿಬಿಡಿ. ಹುಡುಕುವಾಗಲೂ ಎರಡೂ ಹೆಸರಲ್ಲಿ ಹುಡುಕಬೇಕು, ಇಲ್ಲವಾದರೆ ಅರ್ಧ ದಾಖಲೆ ಕಣ್ಣಿಗೇ ಬೀಳುವುದಿಲ್ಲ.

ನಿರ್ಣಾಯಕ ದಿನಾಂಕ

ಪಟ್ಟಿಯ ನಡುವೆ ಒಂದು ಕೆಂಪು ಗೆರೆ ಎಳೆಯಬೇಕು. ತಗಾದೆ ಗಟ್ಟಿಯಾಗಿ ರೂಪ ತಳೆದ ದಿನ ಅದು. ಒಬ್ಬರ ಹಕ್ಕುಸಾಧನೆಗೆ ಇನ್ನೊಬ್ಬರು ಲಿಖಿತವಾಗಿ ಎದುರಾದ ದಿನ ಎಂದುಕೊಂಡರೆ ಬಹುತೇಕ ಸರಿಹೋಗುತ್ತದೆ. ಆ ಗೆರೆಯ ನಂತರ ನೆಟ್ಟ ಬಾವುಟ, ಕಟ್ಟಿದ ಹೆಲಿಪ್ಯಾಡು, ಕಳಿಸಿದ ಮಂತ್ರಿ ಯಾವುದಕ್ಕೂ ತೂಕವಿಲ್ಲ. ಮೊದಲಿಂದ ನಡೆದುಬಂದ ಕೆಲಸದ ಸಹಜ ಮುಂದುವರಿಕೆ ಆಗಿದ್ದರೆ, ಕೇಸು ಗಟ್ಟಿ ಮಾಡಿಕೊಳ್ಳಲೆಂದೇ ಮಾಡಿದ್ದಲ್ಲವಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸ್ಟೇ ಬಂದ ಮೇಲೆ ರಾತ್ರೋರಾತ್ರಿ ಎಬ್ಬಿಸಿದ ಗೋಡೆಯನ್ನು ಸಿವಿಲ್ ಕೋರ್ಟು ಯಾವ ಕಣ್ಣಿನಿಂದ ನೋಡುತ್ತದೋ ಹಾಗೆ.

ಒಂದೇ ತಗಾದೆಯಲ್ಲಿ ಎರಡು ಗೆರೆ ಇರಬಹುದು. ಸಿಂಗಪುರ ಮತ್ತು ಮಲೇಷ್ಯಾ ನಡುವಣ ಪೆಡ್ರಾ ಬ್ರಾಂಕಾ ಪ್ರಕರಣದಲ್ಲಿ ಮುಖ್ಯ ಬಂಡೆಗೆ 1980ರ ಫೆಬ್ರವರಿ 14. ಪಕ್ಕದ ಎರಡು ಬಂಡೆಗಳಿಗೆ 1993ರ ಫೆಬ್ರವರಿ 6. ಗೆರೆಯನ್ನು ತಪ್ಪು ಕಡೆ ಎಳೆದರೆ ನಿಮ್ಮ ಅತ್ಯುತ್ತಮ ಪುರಾವೆಯೇ ಆಚೆ ಬೀಳುತ್ತದೆ. ಆದ್ದರಿಂದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಎಲ್ಲ ಕಾಗದ ಓದಿ ಮುಗಿಸಿದ ಮೇಲೆ ಇಂಕಿನಲ್ಲಿ ತಿದ್ದಿ.

ಮೂಲಪತ್ರ: ಕೊಟ್ಟವನ ಕೈಯಲ್ಲಿ ಇತ್ತೇ?

ಒಪ್ಪಂದದ ಮೂಲಕ ಬಂದ ದ್ವೀಪವಾದರೆ ಸರಪಳಿಯ ಒಂದೊಂದು ಕೊಂಡಿಯನ್ನೂ ಹಿಂದಕ್ಕೆ ಎಳೆದು ನೋಡಬೇಕು. ಇದಕ್ಕೆ ಪಾಲ್ಮಾಸ್ ಅಥವಾ ಮಿಯಾಂಗಾಸ್ ದ್ವೀಪದ ತೀರ್ಪನ್ನು ಓದದೆ ಮುಂದೆ ಹೋಗಬೇಡಿ. 1898ರ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಒಪ್ಪಂದದಲ್ಲಿ ಎಳೆದ ಗೆರೆಯೊಳಗೆ ಪಾಲ್ಮಾಸ್ ಕೂಡ ಬರುತ್ತಿತ್ತು. 1906ರಲ್ಲಿ ಅಮೆರಿಕದ ಜನರಲ್ ಲಿಯೊನಾರ್ಡ್ ವುಡ್ ಅಲ್ಲಿಗೆ ಹೋಗಿ ನೋಡಿದರೆ ಡಚ್ ಬಾವುಟ ಹಾರುತ್ತಿತ್ತು. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಹೂಬರ್ ಒಬ್ಬರೇ ಪಂಚರಾಗಿ 1928ರ ಏಪ್ರಿಲ್ 4ರಂದು ದ್ವೀಪವನ್ನು ನೆದರ್ಲೆಂಡಿಗೆ ಕೊಟ್ಟರು. ಸ್ಪೇನ್ ತನ್ನ ಕೈಯಲ್ಲಿ ಇದ್ದುದಕ್ಕಿಂತ ಹೆಚ್ಚು ಕೊಡಲಾರದು ಎಂಬುದು ಅದರ ತಿರುಳು. ಮೊದಲು ಕಂಡಿದ್ದು ಅರೆಬೆಂದ ಹಕ್ಕು ಮಾತ್ರ. ಅದರ ಬೆನ್ನಿಗೆ ಆಡಳಿತ ನಡೆಯದಿದ್ದರೆ ಅದು ನಿಲ್ಲದು. ದ್ವೀಪ ಹತ್ತಿರದಲ್ಲಿದೆ ಎಂಬುದೂ ಹಕ್ಕಲ್ಲ. 'ನಮ್ಮ ದಡದಿಂದ ಕಣ್ಣಿಗೆ ಕಾಣುತ್ತದೆ' ಎನ್ನುವ ವಾದವನ್ನು ಕಡತದಿಂದ ಕಿತ್ತುಹಾಕಿ.

ಅದೇ ತೀರ್ಪಿನಿಂದ ಇನ್ನೊಂದು ಸೂತ್ರ ಹೊರಡುತ್ತದೆ: ಯಾವ ಕಾಲದ ಘಟನೆಯೋ ಆ ಕಾಲದ ಕಾನೂನಿನಿಂದ ಅಳೆಯಬೇಕು, ಆದರೆ ಹಕ್ಕು ಉಳಿದುಬಂದಿದೆಯೇ ಎಂಬುದನ್ನು ಮುಂದಿನ ಕಾಲದ ಕಾನೂನಿನಿಂದಲೂ ನೋಡಬೇಕು. 16ನೆಯ ಶತಮಾನದ ಕೆಲಸವನ್ನು ವಿಶ್ವಸಂಸ್ಥೆಯ ಸನ್ನದಿನಿಂದ ಅಳೆದು ಬೈಯುವುದು ಭಾಷಣಕ್ಕೆ ಚೆನ್ನ, ಕಡತಕ್ಕೆ ಬೇಡ.

ಸ್ಪಷ್ಟ ಒಪ್ಪಂದ ಇದ್ದುಬಿಟ್ಟರೆ ಅನುಭವದ ಪುರಾವೆಗೆ, ಎಂದರೆ ಆಡಳಿತ ನಡೆಸಿದ್ದರ ಪುರಾವೆಗೆ, ಎರಡನೆಯ ಸ್ಥಾನ. ಬುರ್ಕಿನಾ ಫಾಸೊ ಮತ್ತು ಮಾಲಿ ನಡುವಣ 1986ರ ಗಡಿ ತೀರ್ಪು ಈ ಕ್ರಮವನ್ನು ಇಟ್ಟುಕೊಟ್ಟಿದೆ. ಕಚ್ಚತೀವು ಚರ್ಚೆ ಹಳಿತಪ್ಪುವುದು ಇಲ್ಲೇ. ನಮ್ಮ 240 ಎಕರೆಯ ಲಾಲ್‌ಬಾಗಿಗಿಂತ ತುಸು ದೊಡ್ಡದಾದ, 285 ಎಕರೆಯ ಆ ದ್ವೀಪ ರಾಮನಾಥಪುರದ ಜಮೀನ್ದಾರಿಗೆ ಸೇರಿತ್ತು ಎಂಬ ದಾಖಲೆಗಳನ್ನು ಗುಡ್ಡೆ ಹಾಕುತ್ತಾರೆ. ಆದರೆ 1974ರ ಜೂನ್ 26 ಮತ್ತು 28ರಂದು ಭಾರತ ಮತ್ತು ಶ್ರೀಲಂಕಾ ಸಹಿ ಹಾಕಿದ ಗಡಿ ಒಪ್ಪಂದದ ರೇಖೆ ದ್ವೀಪವನ್ನು ಶ್ರೀಲಂಕಾ ಕಡೆಗೆ ಬಿಟ್ಟಿದೆ. ಹಾಗಾಗಿ 1974ಕ್ಕೆ ಹಿಂದಿನ ಕಾಗದ ಎಷ್ಟಿದ್ದರೂ ಕೇಳಬೇಕಾದ ಪ್ರಶ್ನೆ ಒಪ್ಪಂದ ಬೀಳುತ್ತದೆಯೇ ಎಂಬುದು. ದೇಶದೊಳಗಿನ ವಾದ ಸುಪ್ರೀಂ ಕೋರ್ಟಿನ 1960ರ ಬೇರೂಬಾರಿ ಸಲಹೆಯದು: ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಬೇಕು. ಕೇಂದ್ರದ ಉತ್ತರ, ಅಲ್ಲಿ ಬಿಟ್ಟುಕೊಟ್ಟಿದ್ದೇನೂ ಇಲ್ಲ, ವಿವಾದದಲ್ಲಿದ್ದ ಗಡಿಯನ್ನು ಗುರುತಿಸಿದ್ದು ಅಷ್ಟೆ. ಕಛ್ ರಣದ ವಿಚಾರದಲ್ಲಿ ಅದೇ ಕೋರ್ಟಿನ 1969ರ ಮಗನ್‌ಭಾಯಿ ತೀರ್ಪು ಈ ಕಡೆಗೆ ನೆರವಾಗುತ್ತದೆ. ದೇಶದ ಹೊರಗೆ ನಿಂತು ನೋಡಿದರೆ ದಾರಿ ಇನ್ನೂ ಕಿರಿದು. ಒಪ್ಪಂದಗಳ ಕುರಿತ ವಿಯೆನ್ನಾ ಒಡಂಬಡಿಕೆಯ 46ನೆಯ ವಿಧಿ ಒಳಗಿನ ಕಾನೂನಿನ ನೆಪವನ್ನು ಬಹಳ ಬಿಗಿಯಾಗಿ ಕಟ್ಟಿಹಾಕಿದೆ. 62ನೆಯ ವಿಧಿ 'ಪರಿಸ್ಥಿತಿ ಬದಲಾಗಿದೆ' ಎಂಬ ಕಾರಣಕ್ಕೆ ಗಡಿ ಒಪ್ಪಂದವನ್ನು ಬಿಡಲು ಒಪ್ಪುವುದಿಲ್ಲ. ಮೀನುಗಾರರ ಸಂಕಟವನ್ನು ಬೇರೆಯೇ ಹಾಳೆಯಲ್ಲಿ ಬರೆಯಬೇಕು. 1974ರ 5ನೆಯ ವಿಧಿ ಭಾರತದ ಮೀನುಗಾರರಿಗೂ ಯಾತ್ರಿಕರಿಗೂ ದ್ವೀಪಕ್ಕೆ ಹೋಗಿಬರಲು ಅವಕಾಶ ಕೊಟ್ಟಿತು; 1976ರ ಮಾರ್ಚಿನ ಪತ್ರವಿನಿಮಯ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವುದನ್ನು ತಡೆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದದವರ ಜೊತೆ ವಾದಕ್ಕಿಳಿಯುವುದು ವ್ಯರ್ಥ.

ಕಂದಾಯ ರಸೀದಿ ಹುಡುಕುವುದು

ಒಪ್ಪಂದ ಇಲ್ಲ, ಅಥವಾ ಇದ್ದರೂ ದ್ವೀಪದ ಬಗ್ಗೆ ಮೌನ ಎಂದಾದರೆ ಅನುಭವದ ಪುರಾವೆಗೆ ಇಳಿಯಬೇಕು. ವಕೀಲರು ಇದಕ್ಕೆ ಎಫೆಕ್ಟಿವಿಟೇ ಎನ್ನುತ್ತಾರೆ. ಸರ್ಕಾರ ಸರ್ಕಾರವಾಗಿ ಮಾಡಿದ ಕೆಲಸ ಎಂದು ಅರ್ಥ. ಇಲ್ಲಿ ರೋಮಾಂಚಕ ಪುರಾವೆಗಿಂತ ಬೇಸರ ತರಿಸುವ ಪುರಾವೆಗೇ ಬೆಲೆ. ಎಕ್ರೆಹೋ ಬಂಡೆಗಳ ಮೇಲೆ ಸಿಕ್ಕ ಶವಗಳಿಗೆ ಬ್ರಿಟನ್ ಅಧೀನದ ಜರ್ಸಿ ದ್ವೀಪದ ಅಧಿಕಾರಿಗಳು ಮಹಜರು ನಡೆಸಿದ್ದರು, ಬೆಸ್ತರ ಗುಡಿಸಲುಗಳಿಗೆ ಮನೆ ಕಂದಾಯ ವಸೂಲಿ ಮಾಡಿದ್ದರು, ಮಾರಾಟದ ಕರಾರುಗಳನ್ನು ಜರ್ಸಿಯಲ್ಲೇ ನೋಂದಾಯಿಸಿದ್ದರು. ಬ್ರಿಟನ್ ಗೆದ್ದಿದ್ದು ಇವುಗಳಿಂದ. ಫ್ರಾನ್ಸ್ ಬಂಡೆಗಳ ಹೊರಗೆ ದಶಕಗಳ ಕಾಲ ದೀಪ, ಬೋಯ್ ಇಟ್ಟು ನೋಡಿಕೊಂಡಿತ್ತು. ಅದು ಹಡಗುಗಳ ಸುರಕ್ಷತೆಗೆ ಮಾಡಿದ್ದು, ಒಡೆತನದ ಗುರುತಲ್ಲ ಎಂದಾಯಿತು.

ಬೋರ್ನಿಯೋ ಪಕ್ಕದ ಲಿಗಿತಾನ್ ಮತ್ತು ಸಿಪಾದಾನ್ ದ್ವೀಪಗಳನ್ನು 2002ರ ಡಿಸೆಂಬರ್ 17ರಂದು ಮಲೇಷ್ಯಾ 16-1ರಲ್ಲಿ ಗೆದ್ದುಕೊಂಡಿದ್ದು ಆಮೆಮೊಟ್ಟೆಯಿಂದ ಎಂದರೆ ತಪ್ಪಾಗದು. 1917ರ ಆಮೆ ಸಂರಕ್ಷಣಾ ಆಜ್ಞೆ, ಮೊಟ್ಟೆ ಆಯಲು ಕೊಟ್ಟ ಪರವಾನಗಿಗಳು, 1933ರಲ್ಲಿ ಸಿಪಾದಾನನ್ನು ಪಕ್ಷಿಧಾಮವೆಂದು ಘೋಷಿಸಿದ ಕಾಗದ, 1962 ಮತ್ತು 1963ರ ದೀಪಸ್ತಂಭಗಳು. ಇಂಡೋನೇಷ್ಯಾದ ಕೈಯಲ್ಲಿದ್ದುದು 1921ರಲ್ಲಿ ಡಚ್ ಯುದ್ಧನೌಕೆ ಸುತ್ತುಬಂದ ದಾಖಲೆ ಮತ್ತು ತನ್ನ ಬೆಸ್ತರು ತಲೆತಲಾಂತರದಿಂದ ಅಲ್ಲಿಗೆ ಹೋಗುತ್ತಿದ್ದರು ಎಂಬ ಮಾತು. ಖಾಸಗಿ ಜನ ತಮ್ಮ ಪಾಡಿಗೆ ಮೀನು ಹಿಡಿದರೆ ಅದು ಸರ್ಕಾರದ ಕೆಲಸವಾಗದು. ಪಟ್ಟಿಯ ಮೂರನೆಯ ಕಾಲಂ ಯಾಕೆ ಬೇಕು ಎಂದರೆ ಇದಕ್ಕೇ: ಬೆಸ್ತ ಹೋದದ್ದು ಸ್ವಂತಕ್ಕೋ, ಸರ್ಕಾರದ ಲೈಸೆನ್ಸು ಹಿಡಿದೋ? ನಾಲ್ಕನೆಯ ಕಾಲಂ ಕೂಡ ಇಲ್ಲೇ ಕೆಲಸಕ್ಕೆ ಬರುವುದು. 'ಸುತ್ತಲಿನ ಎಲ್ಲ ದ್ವೀಪಗಳು' ಎಂಬ ಸಾಮಾನ್ಯ ಆಜ್ಞೆಗೆ ಬೆಲೆ ಕಡಿಮೆ, ದ್ವೀಪದ ಹೆಸರು ಹಿಡಿದು ಬರೆದದ್ದಕ್ಕೆ ಹೆಚ್ಚು.

ಎಷ್ಟು ಪುರಾವೆ ಬೇಕು? ಜಾಗವನ್ನು ಅವಲಂಬಿಸಿದೆ. ಜನವಸತಿಯೇ ಇಲ್ಲದ ಪೆಸಿಫಿಕ್‌ನ ಕ್ಲಿಪ್ಪರ್ಟನ್‌ಗೆ ಫ್ರಾನ್ಸ್ 1858ರಲ್ಲಿ ಹಡಗಿನ ಮೇಲಿಂದ ಘೋಷಣೆ ಮಾಡಿ ಹೊನೊಲುಲುವಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದೇ 1931ರಲ್ಲಿ ಮೆಕ್ಸಿಕೋ ವಿರುದ್ಧ ಸಾಕಾಯಿತು. ಸಾವಿರಾರು ಜನರಿರುವ ದ್ವೀಪಕ್ಕೆ ಅಷ್ಟರಿಂದ ಏನೂ ಆಗದು.

ಐದನೆಯ ಕಾಲಂ

ಈಗ ಪೆಡ್ರಾ ಬ್ರಾಂಕಾ. ಮಲೇಷ್ಯಾದವರು ಪುಲಾವ್ ಬಾತು ಪುತೇ ಎನ್ನುತ್ತಾರೆ. ಎರಡಕ್ಕೂ ಅರ್ಥ ಬಿಳಿಬಂಡೆ. ಉದ್ದ 137 ಮೀಟರ್, ಸರಾಸರಿ ಅಗಲ 60 ಮೀಟರ್, ಇಳಿತದಲ್ಲಿ ವಿಸ್ತೀರ್ಣ ಸುಮಾರು 8,560 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 2 ಎಕರೆ 4 ಗುಂಟೆ ಚಿಲ್ಲರೆ. ರಸ್ತೆ ಬಿಡದೆ ಲೇಔಟ್ ಮಾಡಿದರೆ ಎಪ್ಪತ್ತಾರು ಮೂವತ್ತು-ನಲವತ್ತು ಸೈಟು. ಸಿಂಗಪುರಕ್ಕೆ 24 ನಾಟಿಕಲ್ ಮೈಲಿ, ಮಲೇಷ್ಯಾದ ಜೊಹೋರ್‌ಗೆ 7.7 ಮೈಲಿ ದೂರ. ಸಿಂಗಪುರ ಜಲಸಂಧಿಯ ಪೂರ್ವ ಬಾಗಿಲಲ್ಲಿ ಕುಳಿತಿರುವುದರಿಂದ ಹಡಗುಗಳಿಗೆ ಅದು ಗಂಡಾಂತರ. ಅದಕ್ಕೇ ಬ್ರಿಟಿಷರು 1850-51ರಲ್ಲಿ ಅಲ್ಲಿ ಹಾರ್ಸ್‌ಬರ್ಗ್ ದೀಪಸ್ತಂಭ ಕಟ್ಟಿದರು.

ನ್ಯಾಯಾಲಯ ಶುರು ಮಾಡಿದ್ದು ಮಲೇಷ್ಯಾ ಪರವಾಗಿ: ಮೂಲ ಒಡೆತನ ಜೊಹೋರ್ ಸುಲ್ತಾನರದೇ. ಇಲ್ಲಿಗೆ ಓದು ನಿಲ್ಲಿಸಿದರೆ ಮಲೇಷ್ಯಾ ಗೆದ್ದಂತೆ. ಆದರೆ 1953ರ ಜೂನ್ 12ರಂದು ಸಿಂಗಪುರದ ವಸಾಹತು ಆಡಳಿತ ಜೊಹೋರ್‌ಗೆ ಪತ್ರ ಬರೆದು ಬಂಡೆಯ ಸ್ಥಿತಿಗತಿ ಏನೆಂದು ಕೇಳಿತ್ತು. ಸೆಪ್ಟೆಂಬರ್ 21ರಂದು ಜೊಹೋರ್‌ನ ಹಂಗಾಮಿ ಕಾರ್ಯದರ್ಶಿಯಿಂದ ಒಂದು ಸಾಲಿನ ಉತ್ತರ ಬಂತು: ಪೆಡ್ರಾ ಬ್ರಾಂಕಾದ ಒಡೆತನವನ್ನು ಜೊಹೋರ್ ಸರ್ಕಾರ ಸಾಧಿಸುವುದಿಲ್ಲ. ಆಮೇಲಿನ ಕಾಲು ಶತಮಾನದ ಸಾಲುಗಳನ್ನು ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಸಿಂಗಪುರ ಸುತ್ತಲಿನ ನೀರಿನಲ್ಲಿ ನಡೆದ ಹಡಗು ಅಪಘಾತಗಳ ತನಿಖೆ ಮಾಡಿತು. ಬಂಡೆಗೆ ಬರುವ ಮಲೇಷ್ಯಾ ಅಧಿಕಾರಿಗಳು ಸಿಂಗಪುರದ ಅನುಮತಿ ಪಡೆದರು. 1977ರಲ್ಲಿ ಸಿಂಗಪುರದ ನೌಕಾಪಡೆ ಅಲ್ಲಿ ಸಂಪರ್ಕ ಉಪಕರಣ ಕೂರಿಸಿತು. 1962ರಿಂದ 1975ರವರೆಗೆ ಮಲೇಷ್ಯಾ ಕಡೆಯವರೇ ಪ್ರಕಟಿಸಿದ ನಕ್ಷೆಗಳಲ್ಲಿ ಬಂಡೆಯ ಹೆಸರಿನ ಕೆಳಗೆ 'ಸಿಂಗಪುರ' ಎಂದಿತ್ತು. ಐದನೆಯ ಕಾಲಂನಲ್ಲಿ ಉದ್ದಕ್ಕೂ ಒಂದೇ ಉತ್ತರ: ಮೌನ.

ಇನ್ನೂ ಚುರುಕಾದ ಪುರಾವೆ ಇನ್ನೊಂದು ದ್ವೀಪದಿಂದ ಬಂತು. ಪುಲಾವ್ ಪಿಸಾಂಗ್‌ನಲ್ಲೂ ಸಿಂಗಪುರವೇ ದೀಪಸ್ತಂಭ ನೋಡಿಕೊಳ್ಳುತ್ತಿತ್ತು. 1968ರಲ್ಲಿ ಮಲೇಷ್ಯಾ ಅಲ್ಲಿಂದ ಸಿಂಗಪುರದ ಧ್ವಜ ಇಳಿಸಲು ಹೇಳಿತು, ಇಳಿಸಲಾಯಿತು. ಪೆಡ್ರಾ ಬ್ರಾಂಕಾದ ಧ್ವಜದ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ. ಒಂದು ಕಡೆ ತಕರಾರು ತೆಗೆಯಲು ಗೊತ್ತಿದ್ದವನು ಇನ್ನೊಂದು ಕಡೆ ಸುಮ್ಮನಿದ್ದ ಎಂದರೆ ಆ ಮೌನಕ್ಕೆ ಅರ್ಥ ಬರುತ್ತದೆ. ನಿಮ್ಮ ಕಡತದಲ್ಲೂ ಇಂಥ ಜೋಡಿಯನ್ನು ಹುಡುಕಿ. ಇದು ಸಿಕ್ಕರೆ ಮೂರು ದಿನದ ಶ್ರಮ ಸಾರ್ಥಕ. 2008ರ ಮೇ 23ರಂದು 12-4ರಲ್ಲಿ ಬಂಡೆ ಸಿಂಗಪುರದ ಪಾಲಾಯಿತು. ಪತ್ರದಲ್ಲಿ ಹೆಸರಿಲ್ಲದ ಮಿಡ್ಲ್ ರಾಕ್ಸ್ 15-1ರಲ್ಲಿ ಮಲೇಷ್ಯಾಕ್ಕೇ ಉಳಿಯಿತು. ಇಳಿತದಲ್ಲಷ್ಟೇ ಕಾಣುವ ಸೌತ್ ಲೆಜ್ ಯಾರ ಸಮುದ್ರದಲ್ಲಿದೆಯೋ ಅವರದು ಎಂದು ಬಿಟ್ಟರು.

ಹಾಗೆಂದು ಮೌನವೆಲ್ಲ ಸಮ್ಮತಿ ಎಂದು ಬರೆಯಬೇಡಿ. ಪ್ಯಾರಿಸ್ ಒಪ್ಪಂದದ ಪ್ರತಿಯನ್ನು ಅಮೆರಿಕ 1899ರಲ್ಲಿ ಕಳಿಸಿದಾಗ ನೆದರ್ಲೆಂಡ್ ಆಕ್ಷೇಪ ಎತ್ತಿರಲಿಲ್ಲ. ಆದರೂ ಹೂಬರ್ ಅದನ್ನು ಲೆಕ್ಕಕ್ಕಿಡಲಿಲ್ಲ. ಬೇರೆ ಇಬ್ಬರು ಬರೆದುಕೊಂಡ ಕರಾರು ಮೂರನೆಯವನ ಆಸ್ತಿಯನ್ನು ಕಸಿಯಲಾರದು. ಉತ್ತರ ಕೊಡಲೇಬೇಕಾದ ಸಂದರ್ಭದಲ್ಲಿ, ವಿಷಯ ತಿಳಿದೂ ಸುಮ್ಮನಿದ್ದರೆ ಮಾತ್ರ ಮೌನ ಕಾಡುತ್ತದೆ. ಐದನೆಯ ಕಾಲಂನಲ್ಲಿ 'ಮೌನ' ಎಂದು ಬರೆದಾಗಲೆಲ್ಲ ಪಕ್ಕದಲ್ಲಿ 'ತಿಳಿದಿತ್ತೇ?' ಎಂದೊಂದು ಗುರುತು ಹಾಕಿ.

ನಕ್ಷೆಗಳ ಬಗ್ಗೆ ಇಷ್ಟು ಸಾಕು: ನಕ್ಷೆ ತಾನೇ ಹಕ್ಕುಪತ್ರವಲ್ಲ, ಖಾತೆ ತಾನೇ ಒಡೆತನವಲ್ಲದ ಹಾಗೆ. ಒಪ್ಪಂದಕ್ಕೆ ಲಗತ್ತಾದ ನಕ್ಷೆಗೆ ಬೆಲೆ ಬೇರೆ. ಪ್ರಕಟಿಸಿದವರ ವಿರುದ್ಧವೇ ಸಾಕ್ಷಿ ಹೇಳುವ ನಕ್ಷೆಗೂ ಬೆಲೆ ಇದೆ. 1960ರ ಇಂಡೋನೇಷ್ಯಾದ ಕಾನೂನು ತನ್ನ ದ್ವೀಪಸಮೂಹದ ಹೊರಗೆರೆ ಎಳೆದಾಗ ಲಿಗಿತಾನ್, ಸಿಪಾದಾನ್‌ಗಳನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ಕಡತದಲ್ಲಿ ಭಾರತದ ನಕ್ಷೆ ಅಚ್ಚಾಗುವುದಾದರೆ ಸರ್ವೆ ಆಫ್ ಇಂಡಿಯಾದ ಗಡಿಯನ್ನೇ ಬಳಸಿ. ಅದಕ್ಕೆ ಹೊಂದದ ನಕ್ಷೆ ಪ್ರಕಟಿಸುವುದು ಶಿಕ್ಷಾರ್ಹ, ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ವಿದೇಶಿ ನಕ್ಷೆಗಳು ಹೊಂದುವುದಿಲ್ಲ.

ಸೈಟಿನ ಹೋಲಿಕೆ ಎಲ್ಲಿ ಮುರಿಯುತ್ತದೆ

ಮೂರು ಕಡೆ. ಒಂದು, ನಮ್ಮ ಕಾಲಮಿತಿ ಕಾಯಿದೆಯ 12 ವರ್ಷದಂಥ ನಿಗದಿತ ಅವಧಿ ದೇಶಗಳ ನಡುವೆ ಇಲ್ಲ. ಎರಡು, ಎದುರಾಳಿ ಒಪ್ಪದೆ ಅವನನ್ನು ಕೋರ್ಟಿಗೆ ಎಳೆಯಲಾಗದು. ದೊಕ್ದೊ ವಿಚಾರವನ್ನು ಹೇಗ್‌ಗೆ ಒಯ್ಯೋಣ ಎಂದು ಜಪಾನ್ 1954ರಿಂದ ಕೇಳುತ್ತಿದೆ, ಸ್ವಾಧೀನದಲ್ಲಿರುವ ಕೊರಿಯಾ ವಿವಾದವೇ ಇಲ್ಲ ಎನ್ನುತ್ತದೆ. ಅದೇ ಜಪಾನ್ ತನ್ನ ಕೈಯಲ್ಲಿರುವ ಸೆಂಕಾಕು ದ್ವೀಪಗಳ ಬಗ್ಗೆ ಚೀನಾಕ್ಕೆ ಕೊಡುವ ಉತ್ತರವೂ ಇದೇ! ಹಾಗಾಗಿ ಕಡತದಲ್ಲಿ ಒಂದು ಹಾಳೆ 'ಬಾಗಿಲು ಯಾವುದು' ಎಂದಿರಲಿ: ವಿಶೇಷ ಒಪ್ಪಂದವೇ, ಹಳೆಯ ಒಡಂಬಡಿಕೆಯ ವಿಧಿಯೇ, ನ್ಯಾಯಾಲಯದ ಅಧಿಕಾರವನ್ನು ಮೊದಲೇ ಒಪ್ಪಿಕೊಳ್ಳುವ, ಅದರ ಶಾಸನದ 36(2)ರ ಘೋಷಣೆಯೇ, ವಿಶ್ವಸಂಸ್ಥೆಯ ಮೂಲಕ ಸಲಹಾ ಅಭಿಪ್ರಾಯವೇ. ಘೋಷಣೆ ಇದೆ ಎಂದಷ್ಟೇ ನೋಡಿ ಸಮಾಧಾನಪಡಬೇಡಿ, ಅದರ ವಿನಾಯಿತಿಗಳನ್ನು ಓದಿ. 2019ರ ಸೆಪ್ಟೆಂಬರಿನ ಭಾರತದ ಘೋಷಣೆ ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವಿವಾದವನ್ನೂ ತನ್ನ ನೆಲ ಮತ್ತು ಗಡಿಯ ವಿವಾದವನ್ನೂ ಹೊರಗಿಟ್ಟಿದೆ. ಕಚ್ಚತೀವು ಹೇಗ್ ತಲುಪಲು ಎರಡೂ ದೇಶ ಒಟ್ಟಿಗೆ ಹೋಗಬೇಕು.

ಮೂರನೆಯದು ದೊಡ್ಡದು: ವಸಾಹತು. ಸ್ವಾಧೀನ, ಕಂದಾಯ, ಬಾವುಟ ಎಲ್ಲ ಬ್ರಿಟನ್ ಕಡೆ ಇದ್ದರೂ ಹಿಂದೂ ಮಹಾಸಾಗರದ ಚಾಗೋಸ್‌ನಲ್ಲಿ ಪಟ್ಟಿಯ ತರ್ಕ ನಡೆಯಲಿಲ್ಲ. 1965ರ ನವೆಂಬರ್ 8ರಂದು, ಮಾರಿಷಸ್ ಇನ್ನೂ ವಸಾಹತಾಗಿದ್ದಾಗಲೇ, ಬ್ರಿಟನ್ ಚಾಗೋಸ್ ದ್ವೀಪಗಳನ್ನು ಅದರಿಂದ ಕತ್ತರಿಸಿ ಬೇರೆ ವಸಾಹತು ಮಾಡಿತು. ಅದಕ್ಕೆ 30 ಲಕ್ಷ ಪೌಂಡ್ ಪರಿಹಾರದ ಮಾತಾಗಿತ್ತು. 1973ರ ಹೊತ್ತಿಗೆ ಅಲ್ಲಿನ ಜನರನ್ನು ಎಬ್ಬಿಸಿ ಕಳಿಸಲಾಗಿತ್ತು. ಡಿಯೇಗೊ ಗಾರ್ಸಿಯಾ ಅಮೆರಿಕದ ನೆಲೆಯಾಯಿತು. ಬ್ರಿಟನ್ನಿನ ಘೋಷಣೆಯಲ್ಲೂ ಕಾಮನ್‌ವೆಲ್ತ್ ವಿನಾಯಿತಿ ಇದ್ದುದರಿಂದ ಮಾರಿಷಸ್ ಮುಂಬಾಗಿಲು ಬಿಟ್ಟು ಪಕ್ಕದ ಬಾಗಿಲು ತಟ್ಟಿತು. 2017ರಲ್ಲಿ ಮಹಾಸಭೆಯಿಂದ ಪ್ರಶ್ನೆ ಹೋಯಿತು, 2019ರ ಫೆಬ್ರವರಿ 25ರಂದು 13-1ರಲ್ಲಿ ಉತ್ತರ ಬಂತು: ವಸಾಹತು ಬಿಡುಗಡೆ ಕಾನೂನುಬದ್ಧವಾಗಿ ಪೂರ್ಣವಾಗಿಲ್ಲ, ಬ್ರಿಟನ್ ಬೇಗ ತನ್ನ ಆಡಳಿತ ಮುಗಿಸಬೇಕು. ಆ ವರ್ಷ ಮೇ 22ರಂದು ಮಹಾಸಭೆ 116-6ರಲ್ಲಿ ಅದನ್ನು ಬೆಂಬಲಿಸಿತು. ಭಾರತದ ಮತ ಮಾರಿಷಸ್ ಪರ. ಸಲಹಾ ಅಭಿಪ್ರಾಯ ಕಟ್ಟುಪಾಡಲ್ಲ, ಆದರೆ ಸಮುದ್ರ ಕಾನೂನು ನ್ಯಾಯಮಂಡಳಿಯ ವಿಶೇಷ ಪೀಠ 2021ರ ಜನವರಿ 28ರಂದು ಮಾಲ್ಡೀವ್ಸ್ ಪ್ರಕರಣದಲ್ಲಿ ಅದಕ್ಕೆ ಕಾನೂನಿನ ಪರಿಣಾಮವಿದೆ ಎಂದಿತು. 2025ರ ಮೇ 22ರಂದು ಎರಡೂ ದೇಶ ಒಪ್ಪಂದಕ್ಕೆ ಸಹಿ ಹಾಕಿದವು: ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯೇಗೊ ಗಾರ್ಸಿಯಾ 99 ವರ್ಷ ಬ್ರಿಟನ್ನಿನ ಬಳಕೆಗೆ, ಸರಾಸರಿ ವರ್ಷಕ್ಕೆ 10.1 ಕೋಟಿ ಪೌಂಡ್. ಕರಾರಿಗೆ ಸಹಿ ಬೀಳುವುದಕ್ಕೂ ನೋಂದಣಿಯಾಗುವುದಕ್ಕೂ ನಡುವೆ ಎಷ್ಟು ಅಂತರವಿರುತ್ತದೆಂದು ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕುಳಿತವರಿಗೆ ಗೊತ್ತು. ಸಹಿಯಾದ ದಿನ, ಅನುಮೋದನೆಯ ದಿನ, ಜಾರಿಗೆ ಬಂದ ದಿನ ಮೂರನ್ನೂ ಬೇರೆ ಬೇರೆ ಬರೆದು, ಕಡತ ಸಲ್ಲಿಸುವ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಳ್ಳಿ.

ಕಾಗದ ಎಲ್ಲಿ ಸಿಗುತ್ತದೆ

ಬಹುಪಾಲು ಮನೆಯಲ್ಲೇ ಕೂತು ಸಿಗುತ್ತದೆ. ಅಂತಾರಾಷ್ಟ್ರೀಯ ನ್ಯಾಯಾಲಯದ ಜಾಲತಾಣದಲ್ಲಿ ತೀರ್ಪಿನ ಜೊತೆ ಎರಡೂ ಪಕ್ಷದ ಲಿಖಿತ ವಾದ, ಅನುಬಂಧ, ಮೌಖಿಕ ವಾದದ ಪೂರ್ಣಪಾಠ ಇವೆ. ತೀರ್ಪಿಗಿಂತ ಅನುಬಂಧಗಳಲ್ಲೇ ರಸವಿರುವುದು. 1953ರ ಪತ್ರದಂಥವು ಅಲ್ಲಿವೆ. ಪಾಲ್ಮಾಸ್, ಕ್ಲಿಪ್ಪರ್ಟನ್ ಎರಡೂ ವಿಶ್ವಸಂಸ್ಥೆಯ ಪಂಚಾಯ್ತಿ ತೀರ್ಪುಗಳ ವರದಿಯ 2ನೆಯ ಸಂಪುಟದಲ್ಲಿವೆ. ಭಾರತದ ಒಪ್ಪಂದಗಳಿಗೆ ವಿದೇಶಾಂಗ ಸಚಿವಾಲಯದ ಒಪ್ಪಂದ ಸಂಗ್ರಹ, 1974ರ ಚರ್ಚೆಗೆ ಲೋಕಸಭೆಯ ಡಿಜಿಟಲ್ ಗ್ರಂಥಾಲಯ, ಹಳೆಯ ಸರ್ಕಾರಿ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್. ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಿ ಕಚ್ಚತೀವು ಕೇಳಬೇಡಿ, ಅಲ್ಲಿರುವುದು ಮುಖ್ಯವಾಗಿ ಮೈಸೂರು ಸಂಸ್ಥಾನದ ಕಾಗದ; ಮದರಾಸು ಪ್ರಾಂತ್ಯದ್ದಕ್ಕೆ ಚೆನ್ನೈಗೆ ಹೋಗಬೇಕು. ಪಠ್ಯಪುಸ್ತಕಗಳಿಗೆ ನಾಗರಭಾವಿಯ ಕಾನೂನು ಶಾಲೆಯ ಗ್ರಂಥಾಲಯ ಒಳ್ಳೆಯದು. ಹೊರಗಿನವರು ಕಾಲೇಜಿನ ಪತ್ರ ಹಿಡಿದು ಮೊದಲೇ ಅನುಮತಿ ಕೇಳುವುದು ಕ್ಷೇಮ.

ಕೊನೆಗೆ ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿ. ಮೊದಲ ಪುಟದ ಮೇಲೆ ಅಳತೆ ಮತ್ತು ನಿರ್ಣಾಯಕ ದಿನಾಂಕ, ಕೆಳಗೆ ಪಟ್ಟಿಯಿಂದ ಆರಿಸಿದ ಆರೋ ಏಳೋ ಸಾಲು. ಎರಡನೆಯ ಪುಟದ ಅರ್ಧ ಎದುರು ಪಕ್ಷಕ್ಕೆ ಮೀಸಲು. ಅವರ ಅತಿ ಗಟ್ಟಿ ಕಾಗದ ಯಾವುದೆಂದು ನೀವೇ ಬರೆಯಿರಿ. ಮೂಟ್ ಪೀಠದಲ್ಲಿ ಕುಳಿತವರು ಮೊದಲು ಎತ್ತುವುದು ಅದನ್ನೇ. ಸೋತ ಪಕ್ಷ ಹೊಸ ಪುರಾವೆ ಸಿಕ್ಕಿತೆಂದು ಮರುಪರಿಶೀಲನೆ ಕೇಳಬಹುದೇ ಎಂಬ ಪ್ರಶ್ನೆಯೂ ಬರಬಹುದು. ನ್ಯಾಯಾಲಯದ ಶಾಸನದ 61ನೆಯ ವಿಧಿಯ ಪ್ರಕಾರ ಪುರಾವೆ ಸಿಕ್ಕ 6 ತಿಂಗಳೊಳಗೆ, ತೀರ್ಪಿನಿಂದ 10 ವರ್ಷದೊಳಗೆ ಕೇಳಬೇಕು. ಮಲೇಷ್ಯಾ ಪೆಡ್ರಾ ಬ್ರಾಂಕಾಕ್ಕಾಗಿ 2017ರ ಫೆಬ್ರವರಿಯಲ್ಲಿ, ಗಡುವಿಗೆ ಒಂದು ವರ್ಷವೂ ಮೂರು ತಿಂಗಳೂ ಇರುವಾಗ, ಅರ್ಜಿ ಹಾಕಿತು. 2018ರ ಮೇ ತಿಂಗಳಲ್ಲಿ ತಾನೇ ಹಿಂದಕ್ಕೆ ಪಡೆಯಿತು.